ಹತ್ತಕ್ಕೆ ಒಂಬತ್ತು

ಬೆಟ್ಟದ ಮೇಲೆ ನೀರು ಬೇಗ ಕುದಿಯುತ್ತದೆ. ಆದರೆ ಕುದಿಯುವ ಆ ನೀರಿಗೆ ಊರಿನ ನೀರಿನಷ್ಟು ಕಾವಿರುವುದಿಲ್ಲ. ಇದನ್ನು ಮರೆತವರು ಅಲ್ಲಿ ಕುಡಿಯುವುದು ಕಾಫಿಯಲ್ಲ, ಕಾಫಿಯ ಬಣ್ಣದ ಬಿಸಿನೀರು. ಬೀಜವನ್ನು ಊರಿಗಿಂತ ಸಣ್ಣಗೆ ಬೀಸಬೇಕು, ನೀರು ಹುಯ್ದ ಮೇಲೆ ಒಂದು ನಿಮಿಷ ಹೆಚ್ಚು ಕಾಯಬೇಕು. ಹದಿನೆಂಟು ವರ್ಷಗಳಿಂದ ದೊರೆ ಈ ಮಾತು ಹೇಳುತ್ತ ಬಂದಿದ್ದ. ಹದಿನೆಂಟು ವರ್ಷಗಳಿಂದ ಅವನ ಭಾವ ಅದನ್ನು ಇದೇ ಮೊದಲ ಸಲ ಕೇಳಿದವರಂತೆ ಕಣ್ಣರಳಿಸಿ "ಹೌದಾ?" ಎನ್ನುತ್ತ ಬಂದಿದ್ದರು.

ದೊರೆ ಎಂಬುದು ಅವನ ಹೆಸರಲ್ಲ. 'ಮೂಗಿನ ದೊರೆ' ಎಂದು ಭಾವ ಇಟ್ಟ ಅಡ್ಡಹೆಸರು ಬಾಯಿಂದ ಬಾಯಿಗೆ ಸವೆದು ಅಷ್ಟೇ ಉಳಿದಿತ್ತು. ಕಾಫಿಬೀಜ ಹುರಿದು ಮಾರುವ ಹಳೆಯ ಅಂಗಡಿಯಲ್ಲಿ ಅವನು ರುಚಿ ನೋಡುವವನು. ಬಂದ ಮಾಲಿನ ಮಾದರಿ ಹುರಿದು, ಸಾಲಾಗಿ ಲೋಟಗಳಲ್ಲಿ ನೆನೆಸಿ, ಒಂದೊಂದಕ್ಕೂ ಮೂಗು ತಂದು, ಚಮಚದಿಂದ ಸುರ್ರೆಂದು ಎಳೆದು, ಇದು ಬೇಕು, ಇದು ಬೇಡ ಎಂದು ಸಹಿ ಹಾಕುವುದು ಅವನ ಕೆಲಸ. ಭಾವ ಅಕ್ಕನ ಗಂಡ, ದರ್ಜಿ. ವರ್ಷಕ್ಕೊಮ್ಮೆ ಇಬ್ಬರೂ ಬೆನ್ನಿಗೆ ಚೀಲ ಏರಿಸಿಕೊಂಡು ಮೂರು ದಿನ ಬೆಟ್ಟ ನಡೆಯುತ್ತಿದ್ದರು. ಆ ಚೀಲಗಳೂ ಭಾವನ ಕೈಯಲ್ಲೇ ಹೊಲಿದಂಥವು. ದೊರೆಯ ಚೀಲಕ್ಕೆ ಬೆನ್ನಿನ ಕಡೆ ಇನ್ನೊಂದು ಜೇಬಿತ್ತು. ಎರಡು ಪದರದ ದಪ್ಪ ಬಟ್ಟೆ, ಮೇಲೆ ಮಡಿಚಿ ಗುಂಡಿ ಹಾಕುವ ಮುಚ್ಚಳ. ಅದು ಕಾಫಿಬೀಜಕ್ಕೆ ಮಾತ್ರ. ಹೊಸದಾಗಿ ಹುರಿದ ಬೀಜ ಉಸಿರಾಡಬೇಕು, ಡಬ್ಬಿಯಲ್ಲಿ ಹಾಕಿ ಉಸಿರು ಕಟ್ಟಿಸಬಾರದು. ಹಾಗೆಂದು ಅದರ ಪಕ್ಕ ಏನನ್ನಾದರೂ ಇಟ್ಟರೆ ಅದರ ವಾಸನೆ ಎಳೆದುಕೊಂಡುಬಿಡುತ್ತದೆ ಎಂದು ದೊರೆ ಮೊದಲ ವರ್ಷವೇ ತಾಕೀತು ಮಾಡಿ ಹೊಲಿಸಿದ ಜೇಬು. "ಮದುಮಗಳ ಕೋಣೆ" ಎಂದು ಭಾವ ಅದನ್ನು ಆಡಿಕೊಳ್ಳುತ್ತಿದ್ದರು.

ನಾಲ್ಕು ತಿಂಗಳ ಹಿಂದೆ ದೊರೆಗೆ ಒಂದು ವಾರ ಜ್ವರ ಬಂದಿತ್ತು. ಬಿಟ್ಟು ಹೋಗುವಾಗ ಅದು ವಾಸನೆಯನ್ನೂ ಜೊತೆಗೆ ಕರೆದೊಯ್ದಿತು. ಮೊದಲು ಶೀತವಿರಬೇಕು ಎಂದುಕೊಂಡ. ಆಮೇಲೆ ಡಾಕ್ಟರು ಮೂಗಿಗೆ ಬೆಳಕು ಬಿಟ್ಟು ನೋಡಿ, "ಬರಬಹುದು, ಬರದೆಯೂ ಇರಬಹುದು" ಎಂದರು. ನಾಲಿಗೆಗೆ ಕಹಿ ತಿಳಿಯುತ್ತಿತ್ತು, ಹುಳಿ ತಿಳಿಯುತ್ತಿತ್ತು; ಅದರಾಚೆ ಕಾಫಿಯೆಂಬುದು ಏನಿತ್ತೋ ಅದು ಗೋಡೆಯ ಆ ಕಡೆ ಉಳಿದುಹೋಗಿತ್ತು. ಅವನು ಯಾರಿಗೂ ಹೇಳಲಿಲ್ಲ. ಬೀಜ ಸಿಡಿಯುವ ಚಟಪಟ ಸದ್ದು ಎಣಿಸಿ, ಬಣ್ಣ ನೋಡಿ, ಗಡಿಯಾರ ನೋಡಿ ಹುರಿದ. ಲೋಟಗಳನ್ನು ಮೊದಲು ಪ್ಯಾಕಿಂಗಿನ ಹೆಂಗಸಿನ ಮುಂದೆ ಇಟ್ಟು, "ನೋಡಿ ಹೇಳಮ್ಮ, ನೀನೂ ಕಲಿ" ಎಂದು ದೊಡ್ಡಸ್ತಿಕೆಯಿಂದ ಹೇಳಿ, ಅವಳ ಹುಬ್ಬು ಎದ್ದದ್ದು ಬಿದ್ದದ್ದು ನೋಡಿ ಸಹಿ ಹಾಕಿದ. ಹದಿನೇಳು ಸಹಿ. ಆದರೆ ಬರುವ ಸೋಮವಾರ ವರ್ಷದ ಖರೀದಿ. ಮೂರು ತೋಟಗಳ ಮಾದರಿ ಬರುತ್ತದೆ, ಅದರಲ್ಲಿ ಒಂದನ್ನು ಆರಿಸಬೇಕು. ಆ ದಿನ ಮೇಜಿನ ಎದುರು ಅಂಗಡಿಯ ಯಜಮಾನಿಯೊಬ್ಬರೇ ಕೂರುತ್ತಾರೆ. ಅವರ ಮುಖ ಕಲ್ಲಿನಂಥದು. ಅವನು ಹೇಳುವವರೆಗೂ ಅದರಲ್ಲಿ ಒಂದು ಗೆರೆ ಅಲುಗುವುದಿಲ್ಲ.

ಬೆಟ್ಟದ ಗಾಳಿಗೆ ಬಂದರೂ ಬರಬಹುದು ಎಂಬ ಒಂದೇ ಆಸೆಯಿಂದ ಅವನು ಈ ಸಲ ಹೊರಟಿದ್ದ.

ಮೊದಲ ದಿನ ಇಡೀ ಹತ್ತಿ, ನಡೆಯುವವರಿಗೆಂದು ಕಟ್ಟಿದ ಕಲ್ಲಿನ ಕೋಣೆಯಲ್ಲಿ ಮಲಗಿ ಎದ್ದರು. ಬೆಳಿಗ್ಗೆ ದೊರೆ ಹೊರಗೆ ಮೂರು ಚಪ್ಪಟೆ ಕಲ್ಲು ನಿಲ್ಲಿಸಿ ಗಾಳಿಗೆ ಮರೆ ಮಾಡಿದ. ಅಂಗೈಯಗಲದ ಗ್ಯಾಸ್ ಒಲೆಯ ಮೇಲೆ ತೊರೆಯ ನೀರಿಟ್ಟ. ನೋಡದೆಯೇ ಜೇಬಿಗೆ ಕೈಹಾಕಿ ಬೀಜದ ಚೀಲ ತೆಗೆದು, ಮೂವತ್ತು ಗ್ರಾಂ ಕೈಯಂದಾಜಿನಲ್ಲೇ ಅಳೆದು, ಸಣ್ಣ ಗಿರಣಿಯನ್ನು ಮೊಣಕಾಲುಗಳ ನಡುವೆ ಸಿಕ್ಕಿಸಿಕೊಂಡು ತಿರುಗಿಸಿದ. ಮುಚ್ಚಳ ತೆಗೆದು ಮೂಗಿನ ಹತ್ತಿರ ತಂದ. ತಣ್ಣನೆಯ ಗಾಳಿ ಒಳಗೆ ಹೋಯಿತು, ತಣ್ಣನೆಯ ಗಾಳಿಯಾಗಿಯೇ ಹೋಯಿತು. ಬೇರೇನೂ ಇಲ್ಲ.

ಆದರೂ ಕೈ ತನ್ನ ಕೆಲಸ ಮರೆಯಲಿಲ್ಲ. ಪುಡಿಯ ಮೇಲೆ ಮೊದಲು ಅದು ತೊಯ್ಯುವಷ್ಟೇ ನೀರು. ಉಬ್ಬಿ ಬಂದ ನೊರೆ ತಗ್ಗುವವರೆಗೆ ಕಾಯುವುದು. ಉಳಿದ ನೀರು ಹುಯ್ದು, ಮುಚ್ಚಿ, ಐದು ನಿಮಿಷ. ಆಮೇಲೆ ಭಾವ ಹೊಲಿದ ಸೋಸುವ ಬಟ್ಟೆಯಲ್ಲಿ, ಹಿಂಡದೆ, ತಾನಾಗಿ ಇಳಿಯಲು ಬಿಡುವುದು.

ಭಾವ ಕಂಬಳಿ ಹೊದ್ದು ಬಂದು ಕೂತರು. "ಆಯ್ತೇನಪ್ಪ ನಿನ್ನ ಅಭಿಷೇಕ? ನೀನು ಕಾಫಿ ಇಳಿಸೋಷ್ಟರಲ್ಲಿ ನಾನೊಂದು ಪ್ಯಾಂಟು ಹೊಲಿದು ಕಾಜಾ ತೆಗೀಬಹುದು."

"ಕುಡೀರಿ ಭಾವ, ಆಮೇಲೆ ಮಾತಾಡಿ."

ಭಾವ ಲೋಟ ಎತ್ತಿದರು. ಬಾಯಿಗೆ ತರುವ ಮುಂಚೆ ಅವರ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ಗುಟುಕು ಕುಡಿದರು. ದೊರೆಯ ಮುಖ ನೋಡಿದರು. ದೊರೆ ತನ್ನ ಲೋಟದಿಂದ ಎಂದಿನಂತೆ ಸುರ್ರೆಂದು ಎಳೆದು, ಎಂದಿನಂತೆ ಕಣ್ಣು ಮುಚ್ಚಿದ್ದ.

"ಹತ್ತಕ್ಕೆ ಎಷ್ಟು?" ಎಂದು ಕೇಳಿದ. ಇದು ಪ್ರತಿವರ್ಷದ ಪ್ರಶ್ನೆ.

ಭಾವ ಅಂಕ ಕೊಡುವುದರಲ್ಲಿ ಮಹಾ ಜುಗ್ಗ. ಹದಿನೆಂಟು ವರ್ಷದಲ್ಲಿ ಆರು ದಾಟಿದವರಲ್ಲ. ಒಮ್ಮೆ, ಅದೂ ಮಂಜಿನಲ್ಲಿ ಮೂರು ತಾಸು ದಾರಿ ತಪ್ಪಿ ಅಲೆದ ಮೇಲೆ, ಆರೂವರೆ ಕೊಟ್ಟು ಅದನ್ನೂ ಊರಿಗೆ ಮರಳಿದ ಮೇಲೆ ವಾಪಸು ತೆಗೆದುಕೊಂಡಿದ್ದರು.

"ಒಂಬತ್ತು," ಎಂದರು ಭಾವ.

ದೊರೆ ಕಣ್ಣು ತೆರೆದ. ಭಾವ ಬೆಟ್ಟದ ಕಡೆ ನೋಡುತ್ತ ಲೋಟದಲ್ಲಿದ್ದುದನ್ನೆಲ್ಲ ಔಷಧಿ ಕುಡಿದಂತೆ ಕುಡಿದು ಮುಗಿಸಿದರು. ಆಮೇಲೆ ತೊರೆಗೆ ಹೋಗಿ ಎರಡು ಸಲ ಬಾಯಿ ಮುಕ್ಕಳಿಸಿದರು. ದೊರೆಗೆ ಏನೋ ಇರುಸುಮುರುಸಾಯಿತು. ಭಾವನಿಗೂ ವಯಸ್ಸಾಯಿತು, ಮನಸ್ಸು ಮೆತ್ತಗಾಗಿದೆ ಎಂದು ತನಗೆ ತಾನೇ ಹೇಳಿಕೊಂಡ. ಅಂದು ದಾರಿಯುದ್ದಕ್ಕೂ ಭಾವ ತಮಾಷೆ ಮಾಡಲಿಲ್ಲ. ಹಿಂದೆ ಅವರ ಬೂಟಿನ ಸದ್ದು ಮಾತ್ರ ಬರುತ್ತಿತ್ತು.

ಮಧ್ಯಾಹ್ನ ಒಂದು ಹಳ್ಳ ಸಿಕ್ಕಿತು. ಬೆವರಿನಲ್ಲಿ ಮೈ ಅಂಟಂಟು. ಕೈಕಾಲು ಮುಖ ತೊಳೆಯೋಣವೆಂದು ದೊರೆ ಚೀಲ ಇಳಿಸಿ ಸೋಪು ಹುಡುಕಿದ. ಪಕ್ಕದ ಜೇಬಲ್ಲಿಲ್ಲ, ಬಟ್ಟೆಗಳ ನಡುವೆಯೂ ಇಲ್ಲ. ಹೊರಡುವ ದಿನ ಅವಸರದಲ್ಲಿ ಎಲ್ಲಿ ತುರುಕಿದೆ ಎಂದು ನೆನಪು ಮಾಡಿಕೊಂಡ. ಬಚ್ಚಲಿನಲ್ಲಿ ಅಕ್ಕ ಕೊಟ್ಟಿದ್ದ ಹೊಸ ಸೋಪು ಇತ್ತು. ಕೈಗೆ ಸಿಕ್ಕಿದ್ದು ನಯವಾದ ಒಂದು ಬಿಲ್ಲೆ, ಅಷ್ಟೆ. ಬೆಣಚುಕಲ್ಲಿನಂತೆ ತಣ್ಣಗೆ, ಚಪ್ಪಟೆಯಾಗಿ, ಯಾವ ಸಂದಿಯಲ್ಲಾದರೂ ಹಿಡಿಯುವಂತಿತ್ತು. ಹಿಡಿದ ಕಡೆ ಇಟ್ಟಿದ್ದ.

ಅವನು ಬೆನ್ನಿನ ಕಡೆಯ ಜೇಬಿನ ಗುಂಡಿ ಬಿಚ್ಚಿದ.

ಬೀಜದ ಚೀಲಕ್ಕೆ ಮೈ ತಾಗಿಸಿಕೊಂಡು ಸೋಪು ಕೂತಿತ್ತು. ಮೇಲಿನ ಕಾಗದ ಬೆವರಿಗೆ ನೆನೆದು ಹರಿದಿತ್ತು. ಹರಿದ ಕಾಗದದ ಮೇಲೆ ಗುಲಾಬಿ ಹೂವಿನ ಚಿತ್ರ.

ದೊರೆ ಎಷ್ಟು ಹೊತ್ತು ಹಾಗೆ ಮಂಡಿಯೂರಿ ಕೂತಿದ್ದನೋ. ಯಾರೇ ಹೊಸಬರು ಅಂಗಡಿಗೆ ಸೇರಲಿ, ಅವನು ಮೊದಲ ದಿನ ಹೇಳುವ ಮೊದಲ ಮಾತು: ಕಾಫಿಯ ಹತ್ತಿರ ಸೋಪು ತರಬೇಡಿ. ಕೈ ತೊಳೆದು ಬಂದವರನ್ನು ಕಾಲು ಗಂಟೆ ಬಾಗಿಲಾಚೆ ನಿಲ್ಲಿಸುತ್ತಿದ್ದ. ಬೆಳಗಿನ ಆ ನಿಂತ ಕೈ, ಆ ಒಂಬತ್ತು, ಆ ಮುಕ್ಕಳಿಸಿದ ನೀರು ಒಂದೊಂದಾಗಿ ಬಂದು ಅವನ ಎದುರು ಕೂತವು.

ಭಾವ ನೀರಿಗೆ ಕಾಲಿಳಿಬಿಟ್ಟು ಕುಳಿತಿದ್ದರು. ದೊರೆ ಹೋಗಿ ಪಕ್ಕದಲ್ಲಿ ಕೂತು, ಸೋಪನ್ನು ಇಬ್ಬರ ನಡುವಿನ ಕಲ್ಲಿನ ಮೇಲಿಟ್ಟ.

"ಒಂಬತ್ತು ಯಾಕೆ ಕೊಟ್ರಿ?"

ಭಾವ ಸೋಪು ನೋಡಿದರು. "ಐದು ಅಂದಿದ್ರೆ ಯಾಕೆ ಅಂತ ಕೇಳ್ತಿದ್ದೆ. ಆಗ ಏನು ಹೇಳ್ಲಿ ನಾನು? ಗುಲಾಬಿ ಕಷಾಯ ಅಂತ ಹೇಳ್ಲಾ?"

"ಕುಡಿದ್ರಲ್ಲ ಪೂರ್ತಿ."

"ನೀನೂ ಕುಡಿದೆಯಲ್ಲ. ಅದೇ ನನಗೆ..." ಭಾವ ಮಾತು ನಿಲ್ಲಿಸಿದರು. "ಮೊದಲು ತಮಾಷೆ ಮಾಡ್ತಿದೀಯ ಅಂದ್ಕೊಂಡೆ ಕಣೋ. ನಿನ್ನ ಮುಖ ನೋಡಿದೆ. ತಮಾಷೆ ಇರಲಿಲ್ಲ."

ನೀರು ಕಲ್ಲುಗಳ ಸುತ್ತ ಹರಿಯುತ್ತಿತ್ತು.

"ನಿಮ್ಮಕ್ಕ ಹೇಳಿದ್ಲು," ಎಂದರು ಭಾವ. "ಹೋದ ತಿಂಗಳು ನಿಮ್ಮನೆಗೆ ಬಂದಾಗ ಒಲೆ ಮೇಲೆ ಹಾಲು ಸೀದು ಮನೆಯೆಲ್ಲ ಹೊಗೆಯಂತೆ. ನೀನು ಪಕ್ಕದ ಕೋಣೇಲಿ ಪೇಪರ್ ಓದ್ತಾ ಕೂತಿದ್ದೆಯಂತೆ. 'ಅವನಿಗೇನೋ ಆಗಿದೆ, ಕೇಳಿ' ಅಂದ್ಲು. ನಾನೇ ಬೈದೆ, ನಿನ್ನ ತಮ್ಮ ಯಾವಾಗ್ಲೂ ಹಾಗೇ ತಾನೆ ಅಂತ."

"ನಾಲ್ಕು ತಿಂಗಳಾಯ್ತು," ಎಂದ ದೊರೆ. "ಏನೂ ಬರಲ್ಲ ಭಾವ. ಒಂದು ಚೂರೂ ಇಲ್ಲ."

"ಅಂಗಡೀಲಿ ಹೇಳಿದೀಯ?"

ದೊರೆ ತಲೆಯಾಡಿಸಿದ, ಇಲ್ಲವೆಂದು.

"ಸಹಿ ಹಾಕ್ತಾನೇ ಇದೀಯ?"

"ಇದೀನಿ. ಸೋಮವಾರ ವರ್ಷದ ಮಾಲು ಆರಿಸಬೇಕು. ಮೂರರಲ್ಲಿ ಒಂದು. ಬಣ್ಣ ನೋಡಿ ಒಂದು ಹೇಳಿಬಿಟ್ರೆ ಸರಿಯಾದ್ರೂ ಆಗಬಹುದು."

ಭಾವ ಕಾಲು ಮೇಲೆತ್ತಿ, ಟವಲಿನಿಂದ ಬೆರಳ ಸಂದಿಗಳನ್ನು ನಿಧಾನವಾಗಿ ಒರೆಸಿದರು. "ನನ್ನ ಕಣ್ಣು ಹೋದ ವರ್ಷ ಮಂಜಾಯ್ತಲ್ಲ," ಎಂದರು ಕೊನೆಗೆ, "ಆಗ ಎರಡು ತಿಂಗಳು ಯಾರಿಗೂ ಹೇಳಲಿಲ್ಲ ನಾನು. ಅಂದಾಜಲ್ಲೇ ಕತ್ತರಿ ಹಾಕ್ತಿದ್ದೆ. ಒಬ್ಬರ ಮದುವೆ ಕೋಟು ಹಾಳಾಯ್ತು. ಹೊಸ ಬಟ್ಟೆ ತಂದುಕೊಟ್ಟೆ, ಬೇರೆ ಹೊಲಿದೆ. ಆದ್ರೆ ಮದುವೆ ದಿನ ಆಗಿಹೋಗಿತ್ತು."

ಆ ಮಾತು ಅಲ್ಲಿಗೇ ನಿಂತಿತು. ಹೀಗೆ ಮಾಡು ಎಂದು ಭಾವ ಹೇಳಲಿಲ್ಲ, ಹೇಳಿ ಎಂದು ದೊರೆಯೂ ಕೇಳಲಿಲ್ಲ. ಏಳುವಾಗ ದೊರೆ ಬೀಜದ ಚೀಲ ಬಿಚ್ಚಿ, ಉಳಿದದ್ದನ್ನೆಲ್ಲ ಒಂದು ಪೊದೆಯ ಬುಡಕ್ಕೆ ಸುರಿದ.

ಮೂರನೆಯ ಬೆಳಿಗ್ಗೆ ಕಾಫಿಯಿರಲಿಲ್ಲ. ದೊರೆ ಅಭ್ಯಾಸಬಲದಿಂದ ಕಲ್ಲು ಜೋಡಿಸಿ, ಒಲೆ ಹಚ್ಚಿ, ಬರೀ ನೀರಿಟ್ಟು ಕೂತಿದ್ದ. ಭಾವ ಅಂಗಿಯ ಒಳಜೇಬಿಗೆ ಕೈ ಹಾಕಿ, ಕಳ್ಳಮಾಲು ತೆಗೆಯುವವರಂತೆ ಅತ್ತಿತ್ತ ನೋಡಿ, ಎರಡು ಪೊಟ್ಟಣ ಹೊರಗೆ ತೆಗೆದರು. ಬಿಸಿನೀರಿಗೆ ಹಾಕಿ ಕಲಕಿದರೆ ಕರಗುವ ಇನ್‌ಸ್ಟಂಟ್ ಪುಡಿ.

ದೊರೆ ಅದನ್ನೂ ಭಾವನನ್ನೂ ನೋಡಿದ. "ಯಾವಾಗಿಂದ ಇದು?"

"ಮೊದಲ್ನೇ ವರ್ಷದಿಂದ. ನಿನ್ನ ಕಾಫಿ ಇಳಿಯೋಷ್ಟರಲ್ಲಿ ಪ್ರಾಣ ಹೋದ್ರೆ ಅಂತ ಇಟ್ಕೊಂಡಿರ್ತೀನಿ. ಬೈಬೇಡ, ಒಂದ್ಸಲಾನೂ ಬಿಚ್ಚಿಲ್ಲ."

ದೊರೆಗೆ ನಗು ಬಂತು. ನಾಲ್ಕು ತಿಂಗಳ ಮೇಲೆ ಬಂದ ನಗು, ಅರ್ಧದಲ್ಲಿ ಕೆಮ್ಮಾಗಿ ಮುಗಿಯಿತು. ಆದರೂ ಅವನು ಆ ಪುಡಿಯನ್ನು ಸುಮ್ಮನೆ ಕಲಕಿ ಕೊಡಲಿಲ್ಲ. ಲೋಟಗಳನ್ನು ಮೊದಲು ಬಿಸಿನೀರಿನಿಂದ ತೊಳೆದು ಬೆಚ್ಚಗೆ ಮಾಡಿದ. ಪುಡಿಯನ್ನು ಒಂದು ಚಮಚ ತಣ್ಣೀರಿನಲ್ಲಿ ಗಂಟಿಲ್ಲದಂತೆ ತೇಯ್ದ. ಮೇಲೆ ನೀರನ್ನು ಎಳೆಯಾಗಿ ಬಿಟ್ಟ. ಭಾವ ಉಸಿರು ಬಿಗಿಹಿಡಿದು ನೋಡುತ್ತಿದ್ದರು.

ಲೋಟ ಕೊಟ್ಟು ದೊರೆ ಹೇಳಿದ, "ಕುಡೀಬೇಡಿ ಭಾವ. ಮೊದಲು ಮೂಗಿನ ಹತ್ತಿರ ತನ್ನಿ. ಏನು ಬರ್ತಿದೆ ಹೇಳಿ."

"ಕಾಫಿ ವಾಸನೆ ಬರ್ತಿದೆ."

"ಅದಲ್ಲ. ಸರಿಯಾಗಿ ಹೇಳಿ."

ಭಾವ ಕಣ್ಣು ಮುಚ್ಚಿದರು. ಅವರ ಹಣೆ ನೆರಿಗೆಗಟ್ಟಿತು. "ಒದ್ದೆ ಹತ್ತಿಬಟ್ಟೆ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟಾಗ ಮೊದಲ್ನೇ ಹಬೆ ಏಳತ್ತಲ್ಲ, ಅದು. ಅದರ ಹಿಂದೇನೇ... ಇಸ್ತ್ರಿ ಒಂದು ಗಳಿಗೆ ಹೆಚ್ಚು ನಿಂತ ವಾಸನೆ. ಬಟ್ಟೆ ಹಳದಿಯಾಗೋಕೆ ಮುಂಚೆ."

"ಬೀಜ ಜಾಸ್ತಿ ಹುರಿದಿದ್ದಾರೆ," ಎಂದ ದೊರೆ ತನಗರಿವಿಲ್ಲದೆ. "ಆಮೇಲೆ?"

"ಆಮೇಲೆ ಏನಿಲ್ಲ. ಗೋಣಿಚೀಲ."

"ಹಳೇ ಮಾಲು." ಅವನು ತನ್ನ ಲೋಟದಿಂದ ಒಂದು ಗುಟುಕು ಕುಡಿದ. ಕಹಿ, ಬಿಸಿ, ಅಷ್ಟೆ. ಗೋಡೆ ಇದ್ದಲ್ಲೇ ಇತ್ತು. ಆದರೆ ಅದರ ಆ ಕಡೆಯಿಂದ ಯಾರೋ ಮಾತಾಡಿದ್ದು ಕೇಳಿಸಿದಂತಾಯಿತು. "ಹತ್ತಕ್ಕೆ ಎಷ್ಟು?"

"ನಾಲ್ಕು," ಎಂದರು ಭಾವ ಒಂದು ಚಣವೂ ಯೋಚಿಸದೆ. "ಪುಡಿಗೆ ಒಂದು, ನಿನ್ನ ಕೈಗೆ ಮೂರು."

ದೊರೆ ತಲೆ ತಗ್ಗಿಸಿ ಆ ನಾಲ್ಕನ್ನು ಕೇಳಿಸಿಕೊಂಡ. ಅದು ನಿಜವಾದ ನಾಲ್ಕಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ತಪ್ಪಲಿಗೆ ಇಳಿದರು. ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಬೆಂಚು, ತಗಡಿನ ಮಾಡು. ದೊರೆಯ ಫೋನಿಗೆ ಸಿಗ್ನಲ್ ಬಂತು. ಅವನು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಿಂತ. ನಾಳೆಯೇ ಸೋಮವಾರ. ಭಾವ ಏನೂ ಕೇಳದೆ ದೂರ ಹೋಗಿ ಬಗ್ಗಿ ಬೂಟಿನ ದಾರ ಕಟ್ಟತೊಡಗಿದರು. ಅವರ ಬೂಟಿಗೆ ದಾರವೇ ಇರಲಿಲ್ಲ.

ಯಜಮಾನಿ ಫೋನೆತ್ತಿದರು. "ಹೇಳಿ. ಬೆಟ್ಟದಿಂದ ಇಳಿದ್ರಾ?"

"ಇಳಿದೆ ಮೇಡಂ. ನಾಳೆ ನಾನು ಮಾದರಿ ನೋಡೋಕೆ ಆಗಲ್ಲ. ನನಗೆ ವಾಸನೆ ಹೋಗಿದೆ. ಜ್ವರ ಬಂದಿತ್ತಲ್ಲ, ಅವತ್ತಿಂದ."

ಆ ಕಡೆ ಸದ್ದಿಲ್ಲ. ಅವರ ಮುಖ ಅವನಿಗೆ ಕಾಣುತ್ತಿತ್ತು. ಒಂದು ಗೆರೆಯೂ ಅಲುಗದ ಮುಖ. ಕಟ್ ಆಯಿತೇನೋ ಎಂದು ಫೋನು ನೋಡಿಕೊಂಡ.

"ಅವತ್ತಿಂದ ಬಂದ ಮಾಲು?" ಎಂದರು ಅವರು.

"ಎಲ್ಲದಕ್ಕೂ ನಾನೇ ಸಹಿ ಹಾಕಿದ್ದು. ಹದಿನೇಳು. ಎಲ್ಲ ಮತ್ತೆ ನೋಡಿಸಬೇಕು. ಪ್ಯಾಕಿಂಗಿನ ಹೆಂಗಸಿಗೆ ಮೂಗು ಚೆನ್ನಾಗಿದೆ ಮೇಡಂ. ಅವಳಿಗೆ ಗೊತ್ತಿಲ್ಲ, ಅಷ್ಟೆ. ಇಷ್ಟು ದಿನ ನೋಡಿದ್ದು ಅವಳೇ."

ಕ್ಷಮಿಸಿ ಎನ್ನುವುದು ಅವನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಫೋನಿನಲ್ಲಿ ಹೇಳಬಾರದೆನಿಸಿತು.

"ನಾಳೆ ಬನ್ನಿ," ಎಂದರು ಯಜಮಾನಿ. "ಮೇಜಿನ ಹತ್ತಿರ ಬೇಡ. ಮೊದಲು ನನ್ನ ಕೋಣೆಗೆ ಬನ್ನಿ."

ದೊರೆ ಬೆಂಚಿಗೆ ಬಂದು ಕೂತ. ಭಾವ ಬಂದು ಪಕ್ಕದಲ್ಲಿ ಕೂತರು. ದೊರೆಯ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ಬೆನ್ನಿನ ಜೇಬಿನ ಗುಂಡಿ ಬಿಚ್ಚಿ, ಒಳಗೆ ಮೂಗು ತೂರಿಸಿ ಒಮ್ಮೆ ಉಸಿರೆಳೆದರು.

"ಇನ್ನೂ ಇದೆಯಾ?" ಎಂದು ಕೇಳಿದ ದೊರೆ.

"ಇದೆ. ಈ ಬಟ್ಟೆಯಿಂದ ಇನ್ನು ಹೋಗಲ್ಲ ಇದು. ಬಿಚ್ಚಿ ಹೊಸ ಜೇಬು ಹಾಕ್ಬೇಕು." ಭಾವ ಹೊಲಿಗೆಯ ಗುಂಟ ಬೆರಳಾಡಿಸಿ, ಎಲ್ಲಿಂದ ಬಿಚ್ಚಬಹುದೆಂದು ನೋಡುತ್ತಿದ್ದರು. "ಹೊಲಿದು ಕೊಡ್ತೀನಿ. ಮುಂದಿನ ವರ್ಷದೊಳಗೆ."