ಉದ್ಘಾಟನೆಯ ಫೋಟೋದಲ್ಲಿ ಕಂಡ ನಕ್ಷೆಯ ಕೀ

ಹಿಮ ಬಿದ್ದ ಸೋಮವಾರ. ಡಯಾಲಿಸಿಸ್ ವ್ಯಾನಿನ ಕಚೇರಿಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು. ದಕ್ಷಿಣ ಕೊರಿಯಾದ ಗಾಂಗ್ವೊನ್‌ನ ಆ ಬೆಟ್ಟಸೀಮೆಯಲ್ಲಿ ಕಿಡ್ನಿ ಕೆಟ್ಟವರನ್ನು ಮನೆಯಿಂದ ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಈ ಕಚೇರಿಯದು. ಯಾವ ವ್ಯಾನು, ಎಷ್ಟು ಹೊತ್ತಿಗೆ, ಯಾರ ಬಾಗಿಲಿಗೆ ಎಂದು ಹೊಂದಿಸುವವಳು ಮಾಲ್‌ಸುನ್. ಹೋದ ವಾರವಷ್ಟೇ ಅದಕ್ಕೊಂದು ಸಾಫ್ಟ್‌ವೇರ್ ಬಂದಿತ್ತು. ನಕ್ಷೆ ನೋಡಿ ತಾನೇ ದಾರಿ ಹಾಕಿ ಚಾಲಕರ ಫೋನಿಗೆ ಕಳಿಸುತ್ತಿತ್ತು. ಇವತ್ತು ಪರದೆ ತುಂಬ ಬರೀ ಬೂದು ಬಣ್ಣ. ನಕ್ಷೆಯೇ ಇಲ್ಲ.

"ಅಕ್ಕಾ, ಇವರು ಆಗಿಂದ ಹೊಸ್ತಿಲಲ್ಲೇ ಕೂತಿದ್ದಾರೆ. ವ್ಯಾನ್ ಎಲ್ಲಿ?"

ಫೋನಿನಲ್ಲಿ ನೂಡಲ್ ಅಂಗಡಿಯ ಗ್ವಾಂಗ್‌ಸಿಕ್‌ನ ಹೆಂಡತಿ ಜಂಗ್‌ರಿಮ್. ಶನಿವಾರ, ಭಾನುವಾರ ಡಯಾಲಿಸಿಸ್ ಇಲ್ಲದೆ ಕಳೆದ ಮೈಗೆ ಸೋಮವಾರ ತಡವಾದರೆ ಜೀವಕ್ಕೇ ಕುತ್ತು.

"ಬಂದೇ ಬಿಡ್ತು ಕಣೇ."

"ಮುಖ ಯಾಕೋ ಊದಿದೆ. ಆಂಬುಲೆನ್ಸ್ ಕರೀಲಾ?"

"ಬೇಡ ಬೇಡ, ಇನ್ನೇನು ಬಂತು ಅಂದೆನಲ್ಲ!"

ವ್ಯಾನು ಬರುತ್ತಿರಲಿಲ್ಲ. ಹೊಸ ಚಾಲಕ ಯಾವುದೋ ಕಣಿವೆಯಲ್ಲಿ ದಾರಿ ಹುಡುಕುತ್ತಿದ್ದ.

ಮಾಲ್‌ಸುನ್ ಪಕ್ಕದ ಜಿಲ್ಲೆಯ ಗೆಳತಿ ದಾಯೊಂಗ್‌ಗೆ ಫೋನ್ ಹಚ್ಚಿದಳು. ಅಲ್ಲಿನ ವ್ಯಾನುಗಳ ಸಾಫ್ಟ್‌ವೇರ್ ನೋಡಿಕೊಳ್ಳುವವಳು ಅವಳು. ನಕ್ಷೆ ಕಂಪನಿಯ ಖಾತೆಯಲ್ಲಿ ನಕ್ಷೆಯ ಕೀ, ಅಂದರೆ ನಕ್ಷೆ ತರಿಸಿಕೊಳ್ಳುವ ಗುಟ್ಟಿನ ಅಕ್ಷರಸಾಲು, ಮಾಡುವುದನ್ನು ಇವಳಿಗೆ ಹೇಳಿಕೊಟ್ಟವಳೂ ಅವಳೇ.

"ಖಾತೆ ತೆರೆದು ಇವತ್ತಿನ ಬಳಕೆ ಎಷ್ಟಾಗಿದೆ ನೋಡಿ ಅಕ್ಕಾ."

"ಪೂರ್ತಿ ಮುಗಿದಿದೆ ಅಂತಿದೆ. ನಾವಿನ್ನೂ ಶುರುವೇ ಮಾಡಿಲ್ವಲ್ಲೇ!"

"ಹಾಗಾದ್ರೆ ನಿಮ್ಮ ಕೀ ಹಾಕಿ ಬೇರೆ ಯಾರೋ ಬಳಸಿದ್ದಾರೆ. ದಿನದ ಮಿತಿ ಮುಗೀತು, ನಕ್ಷೆ ನಿಂತೋಯ್ತು."

ಸ್ಪೀಕರಿನಲ್ಲಿ ದಾಯೊಂಗ್ ಮಾತು ಕೇಳುತ್ತಿದ್ದ ಕಚೇರಿಯ ಮುಖ್ಯಸ್ಥ ನಾಮ್‌ಗುಂಗ್ ಸಿಡುಕಿದರು. "ಈ ಬೆಟ್ಟದ ಮೂಲೇಲಿರೋ ನಮ್ಮ ಕೀ ಯಾರಿಗಮ್ಮಾ ಬೇಕು? ಹಿಮಕ್ಕೆ ನೆಟ್ ಹೋಗಿರತ್ತೆ, ಅಷ್ಟೇ."

"ನೆಟ್ ಇಲ್ಲದೇನಾ ಸಾರ್ ಖಾತೆ ತೆರೆದದ್ದು? ನಿಮ್ಮ ಕಚೇರಿಯ ವೆಬ್ ಪುಟದಲ್ಲಿ ಈ ಸಾಫ್ಟ್‌ವೇರಿನ ಉದ್ಘಾಟನೆಯ ಫೋಟೋ ಹಾಕಿದ್ದೀರಲ್ಲ, ದೊಡ್ಡದು ಮಾಡಿ ನೋಡಿ."

ಮೇಲೆ ಬ್ಯಾನರು, ಮುಂದೆ ಅಕ್ಕಿಕಡುಬಿನ ತಟ್ಟೆ, ಎಲ್ಲರೂ ಹುರಿದುಂಬಿಸುತ್ತ ಮುಷ್ಟಿ ಎತ್ತಿ "ಫೈಟಿಂಗ್!" ಎನ್ನುತ್ತಿದ್ದಾರೆ. ಬೆನ್ನ ಹಿಂದಿನ ದೊಡ್ಡ ಪರದೆಯಲ್ಲಿ ಕೀ ಅಕ್ಷರ ಅಕ್ಷರವಾಗಿ ಕಾಣುತ್ತಿದೆ. ಹಿಂದೆ ಖಾಲಿ ಖಾಲಿ ಕಾಣಬಾರದೆಂದು ಖಾತೆಯ ಆ ಪುಟ ತೆರೆದಿಟ್ಟಿದ್ದವಳು ಮಾಲ್‌ಸುನ್.

"ಇಷ್ಟುದ್ದ ಇದೆ, ಯಾರು ಕೂತು ಓದ್ತಾರೆ?" ನಾಮ್‌ಗುಂಗ್ ಇನ್ನೂ ಬಿಡಲಿಲ್ಲ.

"ನಿಮ್ಮ ಮನೆ ಬಾಗಿಲಿನ ನಂಬರ್ ಬೀಗದ ಸಂಖ್ಯೆ ಬರೆದು ಗೇಟಿಗೆ ಅಂಟಿಸ್ತೀರಾ ಸಾರ್?"

"ನನಗೇನು ಹುಚ್ಚಾ?"

"ಮತ್ತೆ ಇದೇನು?"

ಅವರು ಫೋಟೋ ಅಳಿಸಲು ಹೊರಟರು.

"ಈಗಲೇ ಹಳೇ ಕೀ ರದ್ದು ಮಾಡಿ ಅಕ್ಕಾ. ಫೋಟೋ ತೆಗೆದರೆ ಸಾಲದು, ನೋಡಿದವರು ನೋಡಿಯಾಯ್ತು. ಹೊಸ ಕೀ ಮಾಡಿ ಸಾಫ್ಟ್‌ವೇರಿಗೆ ಹಾಕಿ, ಅದು ನಿಮ್ಮ ಸಾಫ್ಟ್‌ವೇರಿನ ವಿಳಾಸದಿಂದ ಮಾತ್ರ, ನಕ್ಷೆಗೆ, ದಾರಿಗೆ ಮಾತ್ರ ನಡೆಯೋ ಹಾಗೆ ಕಟ್ಟುಪಾಡು ಹಾಕಿ. ಬಳಕೆ ದಿಢೀರ್ ಅಂತ ಏರಿದ್ರೆ ಫೋನಿಗೆ ಎಚ್ಚರಿಕೆ ಬರಬೇಕು. ಇವತ್ತಿನ ಮಟ್ಟಿಗೆ ಮಿತಿ ಸ್ವಲ್ಪ ಏರಿಸಿಕೊಳ್ಳಿ. ಇದನ್ನೆಲ್ಲ ಅವತ್ತೇ ಹೇಳಿದ್ನಲ್ಲ?"

"ಹೇಳಿದ್ದೆ ಕಣೇ. ಆಮೇಲೆ ಮಾಡೋಣ ಅಂತ ಬಿಟ್ಟೆ."

ಮಾಲ್‌ಸುನ್ ಒಂದೊಂದಾಗಿ ಮಾಡಿದಳು. ಬೂದು ಸರಿದು ಬೆಟ್ಟ, ತೊರೆ, ಊರುಗಳು ಮೂಡಿದವು. ವ್ಯಾನಿಗೆ ದಾರಿ ಹೋಯಿತು. ಬಹಳ ಹೊತ್ತಿನ ಮೇಲೆ ಚಾಲಕನ ಫೋನ್ ಬಂತು.

"ಅಕ್ಕಾ... ಗ್ವಾಂಗ್‌ಸಿಕ್ ಅಣ್ಣನ್ನ ಎಬ್ಬಿಸ್ತಾ ಇದೀನಿ. ಏಳ್ತಾ ಇಲ್ಲ."

ಸತ್ತವರನ್ನು ಕಾಣಲು ಬಂದವರಿಗೆ ಅಲ್ಲೇ ಊಟ ಬಡಿಸುವ ಆಸ್ಪತ್ರೆಯ ಅಂತಿಮ ದರ್ಶನದ ಕೋಣೆಯಲ್ಲಿ ಜಂಗ್‌ರಿಮ್ ತಾನೇ ಬಿಸಿ ಖಾರದ ಸಾರು ತಂದು ಮಾಲ್‌ಸುನ್ ಮುಂದಿಟ್ಟಳು.

"ಉಣ್ಣಿ ಅಕ್ಕಾ. ಅಷ್ಟು ಹಿಮ ಬಿದ್ದರೆ ನೀವಾದರೂ ಏನು ಮಾಡ್ತೀರಿ?"

ಚಮಚ ಬಾಯಿಗೆ ಹೋಗಲಿಲ್ಲ. ತಡವಾದದ್ದು ಹಿಮದಿಂದಲ್ಲ ಎಂದು ಮಾಲ್‌ಸುನ್ ಹೇಳಲಿಲ್ಲ. ಈಗ ಪ್ರತಿ ಬೆಳಗ್ಗೆ ಕೀಯ ಬಳಕೆಯನ್ನು ಮೊದಲು ನೋಡುವವರು ನಾಮ್‌ಗುಂಗ್. ನೋಡಿ ಏನು ಬಂತು, ಗ್ವಾಂಗ್‌ಸಿಕ್‌ನ ಮನೆಗೆ ಇನ್ನು ವ್ಯಾನು ಹೋಗುವುದಿಲ್ಲ.

ರೋಗಿಗಳ ವ್ಯಾನು, ಊಟದ ಡಬ್ಬಿ, ನರ್ಸಮ್ಮನ ಮನೆಭೇಟಿ, ಯಾವುದನ್ನೇ ನಕ್ಷೆ ನೋಡಿ ಹೊಂದಿಸುವವರೇ, ನಿಮ್ಮ ಕೀಗೆ ಕಟ್ಟುಪಾಡು ಹಾಕಿದ್ದೀರಾ? ಫೋಟೋದಲ್ಲಿ, ಗುಂಪಿನ ಸಂದೇಶದಲ್ಲಿ ಅದು ಎಲ್ಲಾದರೂ ಬಿದ್ದಿದೆಯೇ? ನಕ್ಷೆ ಕೈಕೊಟ್ಟರೆ ಮನೆಮನೆಯ ದಾರಿ ಕಾಗದದ ಮೇಲಿದೆಯೇ? ನಾಳೆಗೆ ಬಿಡಬೇಡಿ, ಈಗಲೇ ಎದ್ದು ನೋಡಿ. ವ್ಯಾನು ತಡವಾದರೆ ತಡ ಎಂದೇ ಹೇಳಿ, ಆಂಬುಲೆನ್ಸ್ ಕರೆಯಲು ಬಿಡಿ. ನಿಮ್ಮ ಪರದೆ ಬರಿದಾಗಿರುವುದು ಕಾಯುವವರಿಗೆ ಕಾಣುವುದಿಲ್ಲ. ಅವರು ನಿಮ್ಮ ಮಾತನ್ನು ನಂಬಿ ಕೂತಿರುತ್ತಾರೆ.