ಮಾಲಿನಿ ವಿಮಾನ ನಿಲ್ಲಿಸಿದ್ದು

ಮಾಲಿನಿ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಸೇರಿದಳೆಂದಾಗ ಕಾಮಗೆರೆಯವರು ಅವಳು ಗಗನಸಖಿಯಾದಳೆಂದೇ ತಿಳಿದರು. ಅವಳ ಕೆಲಸವಿದ್ದದ್ದು ನೆಲದ ಮೇಲೆ. ಇಳಿದ ವಿಮಾನ ತನ್ನ ಜಾಗಕ್ಕೆ ಉರುಳಿಕೊಂಡು ಬರುವಾಗ ಕೈಯಲ್ಲಿ ಎರಡು ದೀಪದ ಕೋಲು ಹಿಡಿದು ರೆಕ್ಕೆಯ ತುದಿಯ ಜೊತೆಜೊತೆಗೆ ನಡೆಯಬೇಕು. ರೆಕ್ಕೆ ಯಾವುದಕ್ಕೂ ತಾಗದಂತೆ ನೋಡಿಕೊಳ್ಳಬೇಕು. ಪೈಲಟ್ ಕೂತಲ್ಲಿಗೆ ಆ ತುದಿ ಸರಿಯಾಗಿ ಕಾಣುವುದಿಲ್ಲ.

ಇದನ್ನು ಕೇಳಿದ ತಕ್ಷಣ ಅರ್ಥ ಮಾಡಿಕೊಂಡವರು ಅವಳ ಸೋದರಮಾವ ಗುರುಪಾದಸ್ವಾಮಿ ಒಬ್ಬರೇ. ಅವರು ಮೂವತ್ತೊಂದು ವರ್ಷ ಬಸ್ ಕಂಡಕ್ಟರಾಗಿದ್ದು ನಿವೃತ್ತರಾದವರು.

"ಅಂದ್ರೆ ನೀನು ಇಮಾನದ ಕಂಡಕ್ಟರು ಅನ್ನು," ಎಂದಿದ್ದರು. "ನಾನು ಸೀಟಿ ಊದ್ತಿದ್ದೆ, ನೀನು ಕೋಲು ಬೀಸ್ತೀಯೆ."

ಫೆಬ್ರುವರಿಯಲ್ಲಿ ಮಾಲಿನಿ ಮುಂಚೆ ತಿಳಿಸದೆ ಊರಿಗೆ ಬಂದಳು. ತಾಯಿ ಚನ್ನಾಜಮ್ಮನಿಗೆ ರಜೆ ಎಂದಳು. ಚನ್ನಾಜಮ್ಮ ನಂಬಿ ಒತ್ತುಶಾವಿಗೆಗೆ ಹಿಟ್ಟು ಬೇಯಿಸಲು ಹೋದರು. ಗುರುಪಾದಸ್ವಾಮಿ ನಂಬಲಿಲ್ಲ. ಒಂದೇ ಲಕೋಟೆಯನ್ನು ಅರ್ಧ ಗಂಟೆಯಲ್ಲಿ ಮೂರು ಸಲ ತೆಗೆದು ನೋಡುವವರು ರಜೆಯ ಮೇಲೆ ಬಂದವರಲ್ಲ ಎಂಬುದು ಒಂಬತ್ತು ಮೆಮೊ ತಿಂದ ಅವರಿಗೆ ಗೊತ್ತಿತ್ತು. ಎಷ್ಟು ದಿನದೊಳಗೆ ಉತ್ತರ ಕೊಡಬೇಕಂತೆ ಎಂದು ನೇರವಾಗಿ ಕೇಳಿದರು. ಏಳು ದಿನ ಎಂದಳು. ಆಮೇಲೆ ಎಲ್ಲವನ್ನೂ ಹೇಳಿದಳು.

ಸಂಜೆಯ ನೂಕುನುಗ್ಗಲಿನ ಹೊತ್ತು. ಒಂದರ ಹಿಂದೊಂದು ವಿಮಾನ ಸಾಲುಗಟ್ಟಿತ್ತು. ಅವಳು ಎಡರೆಕ್ಕೆಯ ಪಕ್ಕ ನಡೆಯುತ್ತಿದ್ದಾಗ, ಪಕ್ಕದ ಜಾಗದಲ್ಲಿ ನಿಂತಿದ್ದ ವಿಮಾನದ ಬಾಲ ಒಂದಿಷ್ಟು ಹೊರಗೆ ಚಾಚಿಕೊಂಡಂತೆ ಕಂಡಿತು. ನಡುವೆ ಜಾಗ ಸಾಕೋ ಸಾಲದೋ ಗೊತ್ತಾಗಲಿಲ್ಲ. ಅವಳು ನಿಲ್ಲಿಸು ಎಂದು ಕೋಲುಗಳನ್ನು ತಲೆಯ ಮೇಲೆ ಕತ್ತರಿಯಂತೆ ಅಡ್ಡ ಹಿಡಿದಳು. ವಿಮಾನದ ಎದುರು ನಿಂತು ದಾರಿ ತೋರಿಸುತ್ತಿದ್ದವನು ಅದನ್ನು ನೋಡಿ ತಾನೂ ಹಾಗೆಯೇ ಹಿಡಿದ. ವಿಮಾನ ನಿಂತಿತು. ಎಳೆಯುವ ಗಾಡಿ ತರಿಸಿ ಅದನ್ನು ಮತ್ತೆ ಕದಲಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಕಳೆಯಿತು. ಹಿಂದೆ ಮೂರು ವಿಮಾನ ಕಾದವು. ಮೇಲ್ವಿಚಾರಕ ಬಂದು ದೂರದಿಂದಲೇ ನೋಡಿ, ಒಂದು ಆಳು ಮಲಗುವಷ್ಟು ಜಾಗವಿದೆಯಲ್ಲ ಎಂದ. ಮಾರನೆಯ ದಿನ ಕಾರಣ ಕೇಳಿ ಲಕೋಟೆ ಕೈಗೆ ಬಂತು. ಉತ್ತರ ಬರುವತನಕ ಕೆಲಸಕ್ಕೆ ಬರುವಂತಿಲ್ಲ.

"ಆಳುದ್ದ ಜಾಗ ಮಡೀಕಂಡು ನಿಲ್ಸುದ್ಯಾ?" ಗುರುಪಾದಸ್ವಾಮಿ ನಕ್ಕರು. "ಅಷ್ಟು ಜಾಗದಲ್ಲಿ ನಾನು ಇಡೀ ಬಸ್ಸನ್ನೇ ತಿರುಗಿಸ್ಬುಡ್ತಿದ್ದೆ ಕಣವ್ವ."

ಅಲ್ಲಿಂದ ಮೂರು ದಿನ ಅವಳಿಗೆ ಮಾವನ ತಮಾಷೆಯಿಂದ ಬಿಡುವಿಲ್ಲ. ಬಿಂದಿಗೆ ಹೊತ್ತು ಬಾಗಿಲು ದಾಟಿದರೆ ರೆಕ್ಕೆ ಹುಷಾರು ಎನ್ನುವರು. ಎಮ್ಮೆಯನ್ನು ಕೊಟ್ಟಿಗೆಗೆ ಹೊಡೆಯುವಾಗ ಒಂದೊಂದು ಕೊಂಬಿಗೂ ಒಬ್ಬೊಬ್ಬರು ನಡೆಯಬೇಡವೇ ಎಂದು ಚನ್ನಾಜಮ್ಮನನ್ನು ಕೇಳುವರು. ಮಾಲಿನಿಗೆ ಸಿಟ್ಟೂ ಬರುತ್ತಿತ್ತು, ನಗುವೂ ಬರುತ್ತಿತ್ತು. ಉತ್ತರ ಮಾತ್ರ ಬರೆಯಲಾಗಲಿಲ್ಲ. ನಾಲ್ಕು ಹಾಳೆ ಹರಿದು ಹಾಕಿದಳು. ತಾನು ನಿಜವಾಗಿ ಹೆದರಿ ನಿಲ್ಲಿಸಿದೆನೇನೋ ಎಂದು ಅವಳಿಗೇ ಅನ್ನಿಸತೊಡಗಿತ್ತು.

ನಾಲ್ಕನೆಯ ದಿನ ಬೆಳಿಗ್ಗೆ ಎದುರು ಮನೆಯ ಮಾದಸ್ವಾಮಿ ಟ್ರ್ಯಾಕ್ಟರಿನ ತುಂಬ ರಾಗಿಹುಲ್ಲು ಹೇರಿಕೊಂಡು ಬಂದ. ಚನ್ನಾಜಮ್ಮನ ಮನೆಯ ಪಕ್ಕದ ಓಣಿಯಲ್ಲಿ ಅದನ್ನು ಹಿಮ್ಮುಖವಾಗಿ ಅವರ ಹಿತ್ತಿಲಿಗೆ ಬಿಡಬೇಕಿತ್ತು. ಗುರುಪಾದಸ್ವಾಮಿ ಪಂಚೆ ಎತ್ತಿ ಕಟ್ಟಿ ಬಲಗಡೆ ನಿಂತರು. ಮಾಲಿನಿ ಯಾರೂ ಕರೆಯದಿದ್ದರೂ ಎಡಗಡೆಗೆ ಹೋದಳು. ಎದುರು ಜಗಲಿಯಲ್ಲಿ ನಾಲ್ಕು ಜನ ಕೂತು ನೋಡುತ್ತಿದ್ದರು.

ಅರ್ಧ ದಾರಿಯಲ್ಲಿ ಹುಲ್ಲಿನ ಹೊರೆ ಎಡಕ್ಕೆ ವಾಲಿ ಸೂರಿನ ಹತ್ತಿರ ಬಂತು. ಮಾಲಿನಿ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ನಿಂತಳು. ಮಾದಸ್ವಾಮಿಗೆ ಕಾಣುತ್ತಿದ್ದದ್ದು ಗುರುಪಾದಸ್ವಾಮಿ ಮಾತ್ರ. ಅವರು ಅವಳ ಕಡೆ ಒಮ್ಮೆ ನೋಡಿದರು, ಜಗಲಿಯ ಕಡೆ ಒಮ್ಮೆ ನೋಡಿದರು.

"ರೈಟ್. ಬರ್ಲಿ, ಬರ್ಲಿ."

ಹೊರೆ ಸೂರಿಗೆ ಸಿಕ್ಕಿಕೊಂಡಿತು. ಒಂದು ತೊಲೆ ಮುರಿದು ಮೂವತ್ತು ಹೆಂಚು ಕೆಳಗೆ ಬಿದ್ದವು. ಬಿದ್ದದ್ದು ಚನ್ನಾಜಮ್ಮ ಸಂಡಿಗೆ ಒಣಹಾಕುತ್ತಿದ್ದ ಚಾಪೆಯ ಮೇಲೆ. ಅವರು ಆಗಷ್ಟೇ ನೀರು ಕುಡಿಯಲು ಒಳಗೆ ಹೋಗಿದ್ದರು.

ಯಾರೂ ಯಾರನ್ನೂ ಬೈಯಲಿಲ್ಲ. ಮಾದಸ್ವಾಮಿ ಇಳಿದು ಬಂದು ಇಬ್ಬರ ಮುಖವನ್ನೂ ನೋಡಿ, ಹೆಂಚು ತಾನೇ ಹೊದಿಸಿಕೊಡುತ್ತೇನೆ ಎಂದ. ಗುರುಪಾದಸ್ವಾಮಿ ಚೂರುಗಳನ್ನು ಒಂದೊಂದಾಗಿ ಮಂಕರಿಗೆ ತುಂಬಿದರು. ಊಟದ ಹೊತ್ತಿನವರೆಗೂ ಅವರ ಬಾಯಿಂದ ಒಂದು ತಮಾಷೆಯೂ ಹೊರಡಲಿಲ್ಲ. ಕೈ ತೊಳೆದು ಬಂದು ಮಾಲಿನಿಯ ಪಕ್ಕ ಕೂತರು.

"ನೀನು ಕೈ ಎತ್ತಿದ್ನ ನಾನು ನೋಡ್ದೆ ಕಣವ್ವ. ನಂಗೂ ಅನುಮಾನ ಇತ್ತು. ನಾಕು ಜನ ಕೂತಿದ್ರು. ಅವ್ರ ಮುಂದೆ ನಿಲ್ಸು ಅನ್ನಕ್ಕೆ ನಾಚ್ಕೆ ಆಯ್ತು."

"ನಂಗೂ ನಾಚ್ಕೆ ಆಗಿತ್ತು ಮಾವ," ಎಂದಳು ಮಾಲಿನಿ. "ಆದ್ರೂ ನಿಲ್ಸ್ಬುಟ್ಟೆ."

ಅವರು ಹಾಳೆ ತರಲು ಹೇಳಿದರು. ಮೆಮೊಗೆ ಉತ್ತರ ಬರೆಯುವುದರಲ್ಲಿ ಅವರು ನುರಿತವರು. ಅರ್ಧ ಪುಟ ವಂದನೆಗಳನ್ನೇ ಹೇಳಿ ಬರೆಸಿದರು. ಆಮೇಲೆ ಆ ದಿನ ಅವಳಿಗೆ ಚಳಿಜ್ವರವಿತ್ತೆಂದೂ ಕರೆಂಟು ಹೋಗಿತ್ತೆಂದೂ ಬರೆ ಎಂದರು. ವಿಮಾನ ನಿಲ್ದಾಣದಲ್ಲಿ ಎಲ್ಲಿಯ ಕರೆಂಟು ಹೋಗುತ್ತದೆ ಎಂದು ಕೇಳಿದ್ದಕ್ಕೆ, ಜ್ವರವಿಲ್ಲದ ಉತ್ತರವನ್ನು ಯಾವ ಮ್ಯಾನೇಜರೂ ಒಪ್ಪಿದ್ದಿಲ್ಲ ಎಂದರು. ಮಾಲಿನಿ ಆ ಹಾಳೆಯನ್ನು ಪಕ್ಕಕ್ಕಿಟ್ಟು ತಾನೇ ನಾಲ್ಕು ಸಾಲು ಬರೆದಳು. ಜಾಗ ಸಾಕೋ ಇಲ್ಲವೋ ತಿಳಿಯಲಿಲ್ಲ, ತಿಳಿಯದಿದ್ದಾಗ ನಿಲ್ಲಿಸುವುದೇ ತನ್ನ ಕೆಲಸ, ನಿಲ್ಲಿಸಿದೆ, ಮುಂದೆಯೂ ನಿಲ್ಲಿಸುತ್ತೇನೆ. ಗುರುಪಾದಸ್ವಾಮಿ ಎರಡು ಸಲ ಓದಿದರು. ಬಹಳ ಮೊಂಡಾಯಿತು, ಕೊನೆಗೆ ತಮ್ಮ ವಿಧೇಯ ಎಂದಾದರೂ ಸೇರಿಸು ಎಂದರು. ಸೇರಿಸಿ ಫೋನಿನಲ್ಲೇ ಕಳಿಸಿದಳು.

ಅದಾದ ಮೂರನೆಯ ದಿನ ಮೇಲ್ವಿಚಾರಕನ ಫೋನ್ ಬಂತು. ಕ್ಯಾಮೆರಾದ ಚಿತ್ರ ನೋಡಿ ಅಳೆದರಂತೆ. ಪಕ್ಕದ ವಿಮಾನವನ್ನು ಗುರುತಿಗಿಂತ ಹಿಂದೆಯೇ ನಿಲ್ಲಿಸಿದ್ದರು. ನಿಯಮದಂತೆ ಇರಬೇಕಾದ ಅಂತರದಲ್ಲಿ ಅರ್ಧವೂ ಇರಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬರಬೇಕು. ತಪ್ಪಾಯಿತು ಎಂದನೇ ಎಂದು ಗುರುಪಾದಸ್ವಾಮಿ ಕೇಳಿದರು. ಇಲ್ಲ ಎಂದಳು. ಮೇಲಿನವರು ಹಾಗೆಲ್ಲ ಅನ್ನುವುದಿಲ್ಲ ಎಂದು ಅವರೇ ಸಮಾಧಾನ ಹೇಳಿ ಕೊಳ್ಳೇಗಾಲದವರೆಗೆ ಹೋಗಿ ಅವಳನ್ನು ಬಸ್ಸು ಹತ್ತಿಸಿ ಬಂದರು.

ಆ ವಾರವೇ ಚನ್ನಾಜಮ್ಮ ಮಗಳಿಗೆ ಫೋನ್ ಮಾಡಿ, ಆ ವಿಮಾನದಲ್ಲಿ ಎಷ್ಟು ಜನ ಇದ್ದರು ಎಂದು ಕೇಳಿದರು. ನೂರ ಎಂಬತ್ತು ಎಂದಳು ಮಾಲಿನಿ. ಟೀ ಅಂಗಡಿಯಲ್ಲಿ ನಿನ್ನ ಮಾವ ನಾನೂರು ಅಂದಿದ್ದಾರೆ, ಎಲ್ಲರೂ ನಂಬಿಯೂ ಆಗಿದೆ, ಇನ್ನು ಕಡಿಮೆ ಮಾಡುವುದು ಚೆನ್ನಾಗಿರುವುದಿಲ್ಲ ಎಂದು ಚನ್ನಾಜಮ್ಮ ಫೋನ್ ಇಟ್ಟರು.