ಹದ್ದಾಗಬೇಕೋ ತಾಟೆಯಾಗಬೇಕೋ

ಬಾಣಂತಿ ತಾಟೆ ಮೀನಿನ ಸಾರು ಉಂಡರೆ ಎದೆಹಾಲು ಹೊಳೆಯಾಗಿ ಹರಿಯುತ್ತದಂತೆ. ಇದು ನಮ್ಮ ಗಂಗೊಳ್ಳಿ ಕಡೆಯ ನಂಬಿಕೆ. ತಾಟೆ ಎಂದರೆ ಮೊಳದುದ್ದದ ಶಾರ್ಕ್. ನಾವೀಗ ಇರುವ ಪುಣೆಯಲ್ಲಿ, ಕ್ಯಾಂಪಿನ ಮೀನು ಮಾರ್ಕೆಟ್ಟಿನವರು ಮುಶಿ ಅನ್ನುತ್ತಾರೆ. ನನಗೆ ಹೆರಿಗೆಯಾದಾಗಿನಿಂದ ಅಮ್ಮ ದಿನಾ ಅದನ್ನೇ ತಂದು ಬೇಯಿಸುತ್ತಿದ್ದಾಳೆ. ಮನೆಯೆಲ್ಲ ಅದರದೇ ವಾಸನೆ, ನನ್ನ ತಲೆಗೂದಲೂ ಸೇರಿ. ಹಾಲು ಮಾತ್ರ ಅಷ್ಟಕ್ಕಷ್ಟೆ. ಮಗು ಚೀಪುತ್ತದೆ, ಅಳುತ್ತದೆ, ಮತ್ತೆ ಚೀಪುತ್ತದೆ. ಡಬ್ಬಿ ಹಾಲನ್ನೂ ಕೊಡಿ ಎಂದು ಡಾಕ್ಟರು ಹೇಳಿದ್ದನ್ನು ಅಮ್ಮ ಕಿವಿಗೇ ಹಾಕಿಕೊಳ್ಳಲಿಲ್ಲ. ನನಗೋ, ಜಗಳವಾಡಲಿಕ್ಕೂ ತ್ರಾಣವಿಲ್ಲ.

ಇವತ್ತು ಮಧ್ಯಾಹ್ನವೂ ಸಾರಿನ ಬಟ್ಟಲು ಬಂತು. ಎದುರಿನ ಮೊಬೈಲ್ ಟವರಿನಲ್ಲಿ ಹದ್ದೊಂದು ಗೂಡು ಕಟ್ಟಿದೆ. ಅಮ್ಮ ಕಿಟಕಿಯಿಂದ ಅದನ್ನು ತೋರಿಸಿದಳು.

"ನೋಡು ಭವ್ಯಾ, ತಾಯಿ ಅಂದ್ರೆ ಹಾಗಿರ್ಬೇಕು. ಮಾಂಸ ಹರಿದು ಹರಿದು ಮರಿ ಬಾಯಿಗಿಡ್ತದೆ. ಬಿಸಿಲಿಗೆ ರೆಕ್ಕೆ ಅಡ್ಡ ಹಿಡೀತದೆ. ನೀನು ಒಂದು ಬಟ್ಟಲು ಸಾರಿಗೆ ಮುಖ ಸಿಂಡರಿಸ್ತಿ."

ಮೈಯೆಲ್ಲ ಉರಿಯಿತು. ಆ ಹದ್ದಿಗೆ ಬೇಟೆ ತಂದುಕೊಡುವ ಗಂಡನಿದ್ದಾನೆ. ಪಕ್ಕದಲ್ಲಿ ಕೂತು ಬುದ್ಧಿ ಹೇಳುವ ಅಮ್ಮನಿಲ್ಲ.

"ಈ ತಾಟೆ ತನ್ನ ಮರಿ ಸಾಕೂದು ಹೇಗಮ್ಮ?" ಎಂದು ಕೇಳಿದೆ.

ಅಮ್ಮನಿಗೆ ಹುರುಪು ಬಂತು. "ಅದು ಮೊಟ್ಟೆ ಇಡೂದಲ್ಲ ಮಾರಾಯ್ತಿ, ನಮ್ಮ ಹಾಗೆ ಮರಿಯನ್ನೇ ಹೆರೂದು. ಕೊಯ್ಯುವಾಗ ಹೊಟ್ಟೆಯಲ್ಲಿ ಮರಿ ಸಿಕ್ಕಿದ್ದುಂಟು."

"ಹಾಲು ಕೊಡ್ತದಾ?"

"ಮೀನು ಎಂತ ಹಾಲು ಕೊಡೂದು?"

"ಮತ್ತೆ ಹೆತ್ತ ಮೇಲೆ ಎಂತ ಮಾಡ್ತದೆ?"

"ಎಂತದೂ ಇಲ್ಲ. ಅದರ ದಾರಿ ಅದಕ್ಕೆ, ಮರಿ ದಾರಿ ಮರಿಗೆ."

"ಹಾಗಾದ್ರೆ ನನಗೆ ಹದ್ದಾಗೂದು ಬೇಡಮ್ಮ. ತಾಟೆಯೇ ಆಗ್ತೇನೆ."

ನಗಿಸಲಿಕ್ಕೆಂದು ಹೇಳಿದ್ದೆ. ಬಂದದ್ದು ಅಳು, ನಿಲ್ಲಲೇ ಇಲ್ಲ. ನಿನ್ನೆ ಮಗು ಅಳುತ್ತಿದ್ದಾಗ ಅದನ್ನು ಮಂಚದ ಮೇಲೆ ಬಿಟ್ಟು ಬರಿಗಾಲಲ್ಲಿ ಮೆಟ್ಟಿಲಿಳಿದಿದ್ದೆ. ಎಲ್ಲಿಗೆಂದು ನನಗೇ ಗೊತ್ತಿರಲಿಲ್ಲ. ಗೇಟಿನಿಂದ ತಿರುಗಿ ಬಂದೆ. ಅದನ್ನೂ ಹೇಳಿಬಿಟ್ಟೆ.

ಅಮ್ಮ ಸಾರಿನ ಬಟ್ಟಲನ್ನು ಆಚೆ ಸರಿಸಿದಳು. ಆಮೇಲೆ, ಕೆಳಗೆ ನಮ್ಮ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದ ನನ್ನ ಗಂಡ ನಿತಿನನಿಗೆ ಫೋನು ಮಾಡಿದಳು. "ಮೆಡಿಕಲ್ಲಿಂದ ಡಬ್ಬಿ ಹಾಲು ತನ್ನಿ. ಈಗಲೇ. ಗಿರಾಕಿಗಳು ಕಾಯ್ಲಿ." ಮಗುವನ್ನು ನನ್ನ ತೊಡೆಯಿಂದ ಎತ್ತಿಕೊಂಡಳು.

ಕೈ ಖಾಲಿಯಾದಾಗ ಹಾಯೆನಿಸಿತು. ಹಾಗೆ ಅನಿಸಿದ್ದಕ್ಕೇ ಹೆದರಿಕೆಯಾಯಿತು.

"ನಾನು ಇವಳನ್ನು ಬಿಟ್ಟು ಹೋಗ್ತೇನಾ ಅಮ್ಮ?"

ಅಮ್ಮ ನನ್ನ ಮುಖ ನೋಡಲಿಲ್ಲ, ಮಗುವಿನ ಬೆನ್ನು ತಟ್ಟುತ್ತಿದ್ದಳು.

"ನೀನು ಹುಟ್ಟಿದಾಗ ನಾನು ಬಸ್ಸೇ ಹತ್ತಿದ್ದೆ. ಕುಂದಾಪುರದವರೆಗೆ ಹೋಗಿ ಬಂದೆ. ಮಲಗು."